ಯಾರೂ ಹಾಕದ್ದು

ಶಂಕರಘಟ್ಟ. ಕೆಮಿಸ್ಟ್ರಿ ಬ್ಲಾಕಿನ ಎರಡನೇ ಮಹಡಿ.
ಕಿಟಕಿ ಕಟ್ಟೆಯ ಮೇಲೆ ಹದಿನೇಳು ಸೀಸೆ.
ಹದಿನಾರರಲ್ಲಿ ಕೆಸರು.

ನಿಕ್ಕಲ್ಲಿಗೆ ಪಾಚಿಯ ಹಸಿರು,
ಗ್ಯಾಡೊಲಿನಿಯಮ್ಮಿಗೆ ಬಣ್ಣವೇ ಇಲ್ಲ.
ಒಂದು ಕುಳ್ಳ, ಇನ್ನೊಂದು ದಡೂತಿ.
ಇವೆರಡೂ ಕೈಗೆ ಕೈ ಕೊಟ್ಟು ಪಂಜರ ಕಟ್ಟಬೇಕು,
ಅದು ನನ್ನ ಮೂರು ವರ್ಷದ ಕೆಲಸ.
ಬರಿದೆ ಕಲಸಿದರೆ ಕಟ್ಟುವುದಿಲ್ಲ.
ಧನ ಧನವನ್ನು ಕಂಡರೆ ದೂಡುತ್ತದೆ
(ಮದುವೆ ಮನೆಗಳಲ್ಲಿ ನೋಡಿದ್ದೇನೆ).
ನಡುವೆ ಒಂದು ಋಣ ಬೇಕು.
ಕ್ಲೋರೈಡ್ ಕೂತರೆ ಸಣ್ಣ ಗೂಡು,
ಅಯೊಡೈಡ್ ಕೂತರೆ ಎರಡು ಅಂಕಣ ಹೆಚ್ಚು;
ಒಳಗೆ ಕೂತವರ ಮೈಯಳತೆಗೆ
ಹೊರಗಿನ ಗೋಡೆ.

ಇದನ್ನು ಏಳುಮಲೈಗೆ ಹೇಳಲು ಹೋದೆ.
ಭದ್ರಾವತಿಯಲ್ಲಿ ಇಪ್ಪತ್ತಾರು ವರ್ಷ ಅಚ್ಚು ಹೊಡೆದವರು,
ಈಗ ನಮ್ಮಲ್ಲಿ ಗಾಜು ತೊಳೆಯುತ್ತಾರೆ.
"ಗೊತ್ತು ಕಣಮ್ಮ, ಕೋರು," ಅಂದರು.
"ಪೈಪು ಪೊಳ್ಳಾಗೋದು ಮತ್ತೆ ಹೆಂಗೆ?
ಮರಳಿಗೆ ಕಾಕಂಬಿ ಕಲಸಿ, ಸುಟ್ಟು ಗಟ್ಟಿ ಮಾಡಿ
ಅಚ್ಚಿನ ನಡುವೆ ನಿಲ್ಲಿಸ್ತೀವಿ.
ಕಬ್ಬಿಣ ಸುತ್ತ ಹರೀತದೆ.
ಆರಿದ ಮೇಲೆ ಸುತ್ತಿಗೇಲಿ ತಟ್ಟಿದ್ರೆ
ಕೋರು ಉದುರಿ ಹೋಯ್ತು, ಪೈಪು ಉಳೀತು.
ನಿಮ್ಮದು ಉದುರಿಸ್ತೀರೋ, ಬಿಡ್ತೀರೋ?"

ಗೊತ್ತಿರಲಿಲ್ಲ.
ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದುಕೊಂಡೆ.

ಹದಿನೇಳನೆಯದು ಆ ಶುಕ್ರವಾರದ್ದು,
ಕರೆಂಟು ಹೋಗಿ, ಫ್ಯಾನು ನಿಂತು,
ಮುಚ್ಚಳ ಮರೆತು ನಾನು ಮೆಸ್ಸಿಗೆ ಹೋದ ದಿನದ್ದು.
ಸೋಮವಾರ ಬಂದು ಬೈದುಕೊಂಡು ಮುಚ್ಚಿದೆ.
ಹದಿನೈದು ದಿನಕ್ಕೆ ತಳದಲ್ಲಿ
ಸಕ್ಕರೆ ಕಾಳಿನಷ್ಟು ಹರಳು,
ಹಸಿರು,
ಒಡೆದ ಬಳೆಯಂಥ ಅಂಚು.

ಎಕ್ಸ್‌ರೇ ಫೈಲು ಬಂದದ್ದು ಸಂಜೆ.
ಹನ್ನೆರಡು ನಿಕ್ಕಲ್, ಎಂಟು ಗ್ಯಾಡೊಲಿನಿಯಮ್,
ಒಂದರ ಭುಜ ಒಂದಕ್ಕೆ ತಾಗಿಸಿ ನಿಂತಿವೆ.
ನಡುವೆ, ಕ್ಲೋರೈಡ್ ಇರಬೇಕಾದ ಜಾಗದಲ್ಲಿ,
ಮೂರು ಒಲೆಗುಂಡು, ಒಂದು ಇದ್ದಿಲು:
ಕಾರ್ಬೊನೇಟು.

ನಾನು ಹಾಕಿಲ್ಲ.
ಮೇಡಂ ಎರಡು ಸಲ ಕೇಳಿದರು.
ಬಾಟಲಿಗಳನ್ನೆಲ್ಲ ಇಳಿಸಿ ಲೇಬಲ್ಲು ಓದಿದೆವು.
ಯಾರೂ ಹಾಕಿಲ್ಲ.

ಹಾಗಾದರೆ ಗಾಳಿಯದ್ದು.
ಬಾಯಿ ತೆರೆದ ಸೀಸೆ, ಒಳಗೆ ಕ್ಷಾರದ ಹಸಿವು,
ಮೂರು ದಿನ ಆ ಕೋಣೆ ಆಡಿದ ಉಸಿರು.
ತಂಗಿಯ ಜೊತೆ ಫೋನಿನಲ್ಲಿ ನಾನು ಕಿರುಚಿದ್ದು,
ವಾಚ್‌ಮನ್ನಿನ ಬೀಡಿ,
ಕುಲುಮೆ ಬಿಟ್ಟರೂ ಏಳುಮಲೈಯನ್ನು ಬಿಡದ ಗೂರಲು.
ಇದು ಯಾವುದರ ಇದ್ದಿಲು?
ಹರಳು ಹೆಸರು ಹೇಳುವುದಿಲ್ಲ.
ಯಾವ ತಕ್ಕಡಿಗೂ ಸಿಗದ ಋಣ,
ಇಪ್ಪತ್ತು ಲೋಹ ಅದರ ಕಡೆಗೇ ಮುಖ ಮಾಡಿ ಕೂತಿವೆ.

ಅಜ್ಜಿ ಮಾತಿಗೊಮ್ಮೆ ಋಣಾನುಬಂಧ ಅಂದಾಗ
ಎದ್ದು ಒಳಗೆ ಹೋಗುತ್ತಿದ್ದೆ.
ಈಗ ಸ್ಕ್ರೀನಿನ ಮುಂದೆ ಆ ಪದ ಬಿಡಿಸಿ ನೋಡಿ
ಒಬ್ಬಳೇ ನಕ್ಕೆ.

ಒಂದು ಹರಳನ್ನು ಪರೀಕ್ಷೆಗೆ ತೆಗೆದೆವು.
ಒಂದು ತೊಟ್ಟು ಆಮ್ಲ.
ನೊರೆ ಅನ್ನುವಷ್ಟಿಲ್ಲ, ಒಂದೇ ಗುಳ್ಳೆ
ಮೇಲೆದ್ದು ಒಡೆಯಿತು.
ಆಮೇಲೆ ಪಂಜರ ಇರಲಿಲ್ಲ.
ಹಸಿರು ನೀರು.

"ಉದುರಿಸಕ್ಕಾಗಲ್ಲ ಏಳುಮಲೈಯಣ್ಣ,
ಅದು ಹೋದರೆ ಎಲ್ಲ ಹೋಗುತ್ತೆ."
"ಹಂಗಾದ್ರೆ ಅದು ಕೋರಲ್ಲ," ಅಂದರು
ಬುರುಡೆಯೊಂದನ್ನು ಬೆಳಕಿಗೆ ಹಿಡಿದು.
ಮತ್ತೇನು ಅಂತ ಹೇಳಲಿಲ್ಲ.

ಪೇಪರಿನಲ್ಲಿ ಎರಡು ಪದ ಬರೆಯಬೇಕು:
ಗಾಳಿಯಿಂದ ಹೀರಿದ್ದು.
ಬರೆದಿದ್ದೇನೆ.

ಹದಿನೆಂಟನೆಯ ಸೀಸೆ ಇಟ್ಟಿದ್ದೇನೆ,
ಮುಚ್ಚಳ ಮರೆಯುವುದನ್ನು ನೆನಪಿಟ್ಟುಕೊಂಡು.
ಕಟ್ಟೆ ಒರೆಸಲು ಬಂದ ಏಳುಮಲೈಗೆ
ಅದರ ಹತ್ತಿರವೇ ಕೆಮ್ಮು ಬಂತು.
ಬಾಯಿಗೆ ಕೈ ಅಡ್ಡ ಹಿಡಿದರು.

ಕೈ ತೆಗೀರಿ, ಅಂದೆ.